ಕಾಗದದ ತುಂಬ ಮೀನು

ಆ ಮೆಕ್ಯಾನಿಕ್‌ನನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ದೋಣಿಯ ಹಳೇ ಫಿಶ್ ಫೈಂಡರ್ ಕಡಲಡಿಯಲ್ಲಿ ಇರುವುದನ್ನೆಲ್ಲ ಕಾಗದದ ಮೇಲೆ ಗೀಚಿ ತೋರಿಸುತ್ತದೆ. ಗೆರೆ ಮಸುಕಾಯಿತೆಂದು ಮಗ ಅವನನ್ನು ಕರೆಸಿದ. ಅವನು ಗೆರೆ ಕಪ್ಪಾಗಿಸುವ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟು ಹೋದ. ಮರುದಿನ ಕಡಲಲ್ಲಿ ಕಾಗದವೆಲ್ಲ ಕಪ್ಪೋ ಕಪ್ಪು. ಮಗನಿಗೂ ಆಸೆ ನೋಡಿ, ಮೀನಿನ ದೊಡ್ಡ ಹಿಂಡು ಸಿಕ್ಕಿತೆಂದು ಬಲೆ ಬಿಟ್ಟ. ಅಡಿಯಲ್ಲಿದ್ದದ್ದು ಕಲ್ಲು. ಬಲೆ ಚಿಂದಿಯಾಗಿ ಬಂತು. ಅದನ್ನು ಹೆಣೆಯುವವಳು ನಾನು.

ಮರವಂತೆಯ ದಂಡೆಯಲ್ಲಿ ಆ ಬಲೆ ಹರಡಿಕೊಂಡು ಕೂತಿದ್ದೆ. ಆಗ ಆ ಮೆಕ್ಯಾನಿಕ್ಕೇ ಬಂದ.

“ಹ್ವಾಯ್ ಅಜ್ಜಿ, ಈಗ ಮೀನ್ ಲಾಯ್ಕ್ ಕಾಣತ್ತಾ?”

“ಕಾಣತ್ತ್ ಮಾರಾಯ! ಮೀನ್, ಕಲ್ಲ್, ನೀರ್, ಎಲ್ಲ ಒಂದೇ ನಮನಿ ಕಾಣತ್ತ್. ಅಷ್ಟ್ ಕಪ್ಪ್ ಎಂತಕ್ಕ್ ಮಾಡ್ದೆ?”

“ಕಪ್ಪ್ ಕಂಡ್ರೆ ಎಲ್ರಿಗೂ ಖುಷಿ ಅಜ್ಜಿ. ಇಷ್ಟ್ರೊಳಗೆ ಯಾರೂ ದೂರ್ ಹೇಳ್ಲಿಲ್ಲ.”

“ಹಾಂಗಾರೆ ಮೊದಲ್ನೇ ದೂರ್ ನಂದ್. ಇಲ್ಲೇ ಕೂಕೋ!” ಎಂದು ಬಲೆಯ ಸೂಜಿಯನ್ನು ಅವನ ಕೈಗೆ ತುರುಕಿದೆ.

ಹೊತ್ತು ಮುಳುಗುವವರೆಗೆ ಬಿಡಲಿಲ್ಲ. ಬೈಯುತ್ತಲೇ ಗಂಜಿಯನ್ನೂ ಬಡಿಸಿದೆ. ಅವನು ಹೋದ ಮೇಲೆ ಅವನು ಹಾಕಿದ ಗಂಟುಗಳನ್ನೆಲ್ಲ ಬಿಚ್ಚಿ ನಾನೇ ಮತ್ತೆ ಹೆಣೆಯಬೇಕಾಯಿತು. ಪುಣ್ಯಾತ್ಮ, ಬಲೆಯ ಕಣ್ಣೇ ಮುಚ್ಚುವಂತೆ ಗಂಟನ್ನೂ ಪೂರ್ತಿ ಬಿಗಿದಿಟ್ಟಿದ್ದ.