ಎಡಗೈ ಹೈದನಿಗೆ ಕಟ್ಟಿದ ಹರಕೆ

ನಾನು ಬೇಸ್‌ಬಾಲ್ ನೋಡುತ್ತೇನೆ. ಮದ್ದೂರಿನಲ್ಲಿ ನಿಂತು ಈ ಮಾತು ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಗಂಡನ ಮುಖ ನೋಡುತ್ತಾರೆ. ಗಂಡ ತಮಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ಫ್ಯಾನಿನ ಕಡೆ ನೋಡುತ್ತಾರೆ. ಆದರೆ ಇಷ್ಟಕ್ಕೆಲ್ಲ ಕಾರಣ ಅವರೇ.

ಒಂದು ಬೇಸಗೆಯಲ್ಲಿ ಅವರು ಮಂಡ್ಯದ ಫುಟ್‌ಪಾತಿನಿಂದ ಬಿಸಿಲಿಗೆಂದು ಒಂದು ಟೋಪಿ ತಂದರು. ಅದರ ಹಣೆಯ ಮೇಲೆ ಬಾಲ ತಿರುಚಿಕೊಂಡ ಒಂದು ಇಂಗ್ಲಿಷ್ ಅಕ್ಷರವಿತ್ತು. ಇದು ಯಾರ ಅಕ್ಷರ ಎಂದು ಕೇಳಿದೆ. "ಟೋಪೀದು" ಅಂದರು. ನಾನು ಮಂಡ್ಯದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಯಾವ ಕಪಾಟಿಗೆ ಸೇರಿದ್ದೆಂದು ಗೊತ್ತಾಗದ ವಸ್ತು ಮನೆಯಲ್ಲಿದ್ದರೆ ನನಗೆ ಊಟ ಸೇರುವುದಿಲ್ಲ. ಹುಡುಕಿದೆ. ಅದು ಅಮೆರಿಕದ ಒಂದು ಬೇಸ್‌ಬಾಲ್ ತಂಡದ ಗುರುತು. ತಂಡದ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೇನೂ ಅನ್ನಿಸುವುದಿಲ್ಲ, ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ.

ಸುಮ್ಮನೆ ಒಂದು ಆಟ ನೋಡೋಣ ಅಂದುಕೊಂಡೆ. ಅವರ ಸಂಜೆ ನಮಗೆ ಬೆಳಗಿನ ಜಾವ. ಹೇಗೂ ಹಾಲಿನವನು ಬರುವ ಮೊದಲೇ ಏಳುವವಳು ನಾನು. ಕಾಫಿ ಲೋಟ ಹಿಡಿದು ಕೂತೆ, ಏನೂ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಅರ್ಧಕ್ಕೆ ಬಿಡುವ ಗುಣ ನನಗಿಲ್ಲದ್ದರಿಂದ ಮಾರನೆಯ ದಿನವೂ ಕೂತೆ. ಈ ಆಟದ ತೊಂದರೆಯೇ ಅದು, ಮಾರನೆಯ ದಿನವೂ ಇರುತ್ತದೆ. ಯುಗಾದಿಯ ಆಸುಪಾಸಿಗೆ ಶುರುವಾದರೆ ಪಿತೃಪಕ್ಷದ ತನಕ ಹೆಚ್ಚುಕಡಿಮೆ ದಿನವೂ ಆಟ. ಕ್ರಿಕೆಟ್ ಹಬ್ಬದ ಹಾಗೆ, ಬಂದು ಹೋಗುತ್ತದೆ. ಇದು ದಿನದ ಅಡುಗೆಯ ಹಾಗೆ. ನಿನ್ನೆ ಸಾರು ಕೆಟ್ಟಿತೆಂದು ಇವತ್ತು ಒಲೆ ಹಚ್ಚದೆ ಇರಲಾಗುತ್ತದೆಯೇ?

ಎರಡೇ ವಾರದಲ್ಲಿ ನಾನು ಆ ತಂಡವನ್ನು 'ನಮ್ಮ ತಂಡ' ಎನ್ನತೊಡಗಿದ್ದೆ. ನಾನು ಕಾಣದ ಊರು, ನನ್ನನ್ನು ಕಾಣದ ಜನ. ಅವರು ಸೋತರೆ ಇಲ್ಲಿ ನಾನು ಪಲ್ಯಕ್ಕೆ ಉಪ್ಪು ಮರೆಯುವುದು ಯಾಕೆ? ಜೊತೆಗೆ ಇನ್ನೊಂದು ಕಷ್ಟ ಗೊತ್ತಾಯಿತು. ಅಭಿಮಾನಿ ಅನ್ನುವವನಿಗೆ ಪಕ್ಕದಲ್ಲಿ ಇನ್ನೊಬ್ಬ ಅಭಿಮಾನಿ ಬೇಕು. ಗೆದ್ದದ್ದನ್ನು ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಗೆದ್ದಂತೆಯೇ ಆಗುವುದಿಲ್ಲ. ಗಂಡನಿಗೆ ಒಂದು ದಿನ ಆಟ ತೋರಿಸಿದೆ. "ಇದು ಲಗೋರಿ ಅಲ್ವಾ? ಕಲ್ಲು ಮರ್ತ್ ಬಂದವ್ರೆ" ಎಂದು ಎದ್ದು ಹೋದರು.

ಅಂಥ ಹೊತ್ತಿನಲ್ಲಿ ನಮ್ಮತ್ತೆ ಕೆಂಪಮ್ಮ ಬೆಳಕವಾಡಿಯಿಂದ ಬಂದರು. ಅಲ್ಲಿ ದೊಡ್ಡ ಮಗನ ಜೊತೆ ಇರುವವರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಂಡ್ಯದಲ್ಲಿ ಒಂದಾದ ಮೇಲೊಂದು ಆಪರೇಷನ್ ಆಗುವ ತನಕ ಮದ್ದೂರಿನ ನಮ್ಮ ಮನೆಯಲ್ಲಿ ಇರುವುದೆಂದು ತೀರ್ಮಾನವಾಯಿತು. ನನಗೂ ಅತ್ತೆಗೂ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಮದುವೆಯಾದಾಗಿನಿಂದ ನಮ್ಮ ಸಂಭಾಷಣೆ ಎರಡು ವಿಷಯ ದಾಟಿರಲಿಲ್ಲ: ಮುದ್ದೆ ಗಟ್ಟಿಯಾಯಿತೋ ಮೆತ್ತಗಾಯಿತೋ, ಮಗ ಉಂಡನೋ ಇಲ್ಲವೋ. ಓದಿದ ಸೊಸೆಯೊಂದಿಗೆ ಏನು ಮಾತಾಡುವುದೆಂದು ಅವರಿಗೆ ಸಂಕೋಚ, ಓದಿದವಳೆಂದು ಅವರು ತಿಳಿದಿದ್ದಾರಲ್ಲ ಎಂದು ನನಗೆ ಸಂಕೋಚ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅತ್ತೆಯೂ ಬೆಳಗಿನ ಜಾವವೇ ಏಳುತ್ತಿದ್ದರು. ನಾನು ಟಿವಿಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಾಗ ಗೋಡೆಗೊರಗಿದಲ್ಲಿಂದಲೇ ಕೇಳಿದರು. "ಏನವ್ವ ಅದು, ಅಷ್ಟೊತ್ನಿಂದ ಯಾರೋ ಬಡ್ಕತಾವ್ರೆ?"

"ಆಟ ಅತ್ತೆ."

"ಎಂಗಾಡ್ತಾರೆ?"

ಹೇಳಿದೆ. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ದೊಣ್ಣೆಯಿಂದ ಹೊಡೆಯುತ್ತಾನೆ. ಹೊಡೆದವನು ನಿಂತ ಜಾಗಕ್ಕೆ ಮನೆ ಎಂದು ಹೆಸರು. ಅಲ್ಲಿಂದ ಓಡಿ ಮೂರು ಮೂಲೆ ಮುಟ್ಟಿ ಮತ್ತೆ ಮನೆಗೆ ಬಂದರೆ ಒಂದು ಲೆಕ್ಕ. ಅತ್ತೆ ಪಟ್ಟಿ ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿದರು. "ಮನೆ ಬುಟ್ಟು ಓಗಿ ಮನ್ಗೇ ಬರದಾದ್ರೆ ಓಗದ್ಯಾಕೆ?" ಅಂದರು. ಬೇಸ್‌ಬಾಲಿನ ಬಗ್ಗೆ ನಾನು ಆವರೆಗೆ ಓದಿದ್ದರಲ್ಲೆಲ್ಲೂ ಈ ಪ್ರಶ್ನೆ ಇರಲಿಲ್ಲ.

ಹೀಗೆ ನಾನು ಕನ್ನಡದ ವೀಕ್ಷಕ ವಿವರಣೆಗಾರ್ತಿಯಾದೆ. ಆಟಗಾರರು ಸದಾ ಏನೋ ಅಗಿದು ಉಗಿಯುತ್ತಿರುತ್ತಾರೆ ಎಂದಾಗ ಎಲೆಅಡಿಕೆಯ ಸಂಚಿ ಬಿಚ್ಚುತ್ತಾ ಅತ್ತೆ "ಮಸ್ತಾಗಿ ಬದುಕ್ತಾವ್ರೆ" ಎಂದು ಮೆಚ್ಚಿದರು. ಏಳನೆಯ ಸುತ್ತಿನ ನಡುವೆ ಆಟ ನಿಲ್ಲಿಸಿ ಕ್ರೀಡಾಂಗಣದ ಜನರೆಲ್ಲ ಎದ್ದು ಮೈಮುರಿಯುವ ಪದ್ಧತಿಯಿದೆ. ಅತ್ತೆಯೂ ಆಗ ಮಂಡಿ ಹಿಡಿದುಕೊಂಡು ಎದ್ದು ನಾಲ್ಕು ಹೆಜ್ಜೆ ಹಾಕಿ ಬರುತ್ತಿದ್ದರು. ಡಾಕ್ಟರು ಹೇಳಿದ ವ್ಯಾಯಾಮ ಮಾಡದ ಹೆಂಗಸು ಅಮೆರಿಕದವರು ಎದ್ದರೆಂದು ಎದ್ದರು.

ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವರು ಟಿವಿಯ ಹತ್ತಿರ ಕೂತು ನೋಡಿದ ಮೊದಲ ಆಟಗಾರನೇ ರಮೋನ್. ನಮ್ಮ ತಂಡದ ಚೆಂಡೆಸೆಯುವವರಲ್ಲಿ ಚಿಕ್ಕವನು. ಇನ್ನೂ ಮೀಸೆ ಸರಿಯಾಗಿ ಬಲಿತಿಲ್ಲ, ಎಡಗೈಯವನು. ಅತ್ತೆ ಮುಂದಕ್ಕೆ ಬಾಗಿದರು.

"ಎಡ್ಗೈಲಿ ಎಸೀತಾನೆ, ಯಾರೂ ಬೈಯಾಕಿಲ್ವಾ?"

ಎಡಗೈಯವರಿಗೆ ಅಲ್ಲಿ ಬೇಡಿಕೆ ಜಾಸ್ತಿ, ದುಡ್ಡೂ ಜಾಸ್ತಿ ಎಂದೆ. ಅತ್ತೆ ತಮ್ಮ ಎಡಗೈಯನ್ನು ಮಡಿಲಿನಿಂದ ತೆಗೆದು ನೋಡಿಕೊಂಡರು. ಅವರೂ ಎಡಚಿ ಎಂದು ನನಗೆ ಗೊತ್ತಾದದ್ದು ಆ ದಿನ. ಹುಡುಗಿಯಾಗಿದ್ದಾಗ ಎಡಗೈಲಿ ಮುದ್ದೆ ಕಟ್ಟಿದರೆ, ಎಡಗೈಲಿ ಬಡಿಸಿದರೆ ಅವರವ್ವ ಸೌಟಿನಿಂದ ಕೊಡುತ್ತಿದ್ದರಂತೆ. ಮದುವೆಯ ಹೊತ್ತಿಗೆ ಬಲಗೈ ಕಲಿತಿತ್ತು. "ಕಳೆ ಕೀಳಾಗ ಮಾತ್ರ ಎಡ್ಗೈ ಆಡುಸ್ತಿದ್ದೆ ಕಣವ್ವ, ಗದ್ದೇಲಿ ಯಾರು ನೋಡ್ತಾರೆ" ಅಂದರು. ಇಷ್ಟು ವರ್ಷ ಒಂದೇ ಪಂಕ್ತಿಯಲ್ಲಿ ಕೂತು ಉಂಡವಳು ನಾನು, ಒಂದು ದಿನವೂ ಗಮನಿಸಿರಲಿಲ್ಲ. ನನಗೆ ಬೇಜಾರಾಯಿತು.

ಅವನ ಊರು ಯಾವುದು ಎಂಬುದು ಮುಂದಿನ ಪ್ರಶ್ನೆ. ನಮ್ಮ ಸೀಮೆಯಲ್ಲಿ ಊರು ತಿಳಿಯದೆ ಯಾರನ್ನೂ ಒಪ್ಪಿಕೊಳ್ಳುವುದಿಲ್ಲ. ಹುಡುಕಿ ಹೇಳಿದೆ. ಸಮುದ್ರದ ನಡುವಿನ ಒಂದು ದ್ವೀಪ. ಊರ ತುಂಬ ಕಬ್ಬು, ನಡುವೆ ಸಕ್ಕರೆ ಫ್ಯಾಕ್ಟರಿ. ಇವನಪ್ಪ ಅಲ್ಲಿ ಕಬ್ಬು ಕಡಿಯುತ್ತಿದ್ದವನು.

"ಅಂಗಾದ್ರೆ ನಮ್ಮ ಐದ್ನೇ ಕಣಮ್ಮಿ" ಎಂದು ಅವನನ್ನು ನಮ್ಮ ಹೈದನನ್ನಾಗಿ ಮಾಡಿ ಅತ್ತೆ ಪ್ರಕರಣ ಮುಗಿಸಿದರು.

ಚೆಂಡೆಸೆಯುವವನಿಗೆ ದಿನವೂ ಸರದಿಯಿಲ್ಲ, ನಾಲೆ ನೀರಿನ ಹಾಗೆ ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಅತ್ತೆಗೆ ಈ ಏರ್ಪಾಟು ತಕ್ಷಣ ಹಿಡಿಸಿತು. ಅವನ ಸರದಿಯ ದಿನ ಬೇಗ ಸ್ನಾನ ಮುಗಿಸಿ ಕೂರುವರು. ಆಟ ಮುಗಿಯುವ ಮೊದಲೇ ನಾನು ಮಂಡ್ಯದ ರೈಲು ಹಿಡಿಯಬೇಕಾದರೆ ಉಳಿದದ್ದನ್ನು ಸಂಜೆ ಒಟ್ಟಿಗೆ ನೋಡುತ್ತಿದ್ದೆವು. ಎಂದೋ ಮುಗಿದ ಆಟಕ್ಕೆ ಅತ್ತೆ ಸಂಜೆ ಕೈಮುಗಿಯುತ್ತಿದ್ದರು. ಬೆಳಗ್ಗೆಯೇ ಸೋತಿದ್ದರೆ ಈಗ ಬೇಡಿಕೊಂಡು ಏನು ಪ್ರಯೋಜನ ಎಂದು ತರ್ಕ ತೆಗೆದೆ. "ನಂಗೊತ್ತಿಲ್ವಲ್ಲ. ನಂಗ್ ಗೊತ್ತಾಗಗಂಟ ಅವಳ್ಗೆ ಟೈಮೈತೆ" ಅಂದರು. ಅವಳು ಎಂದರೆ ಬೆಳಕವಾಡಿಯ ಮಾರಮ್ಮ. ಈ ತರ್ಕವನ್ನು ಎಷ್ಟು ಮಗುಚಿ ಹಾಕಿದರೂ ತಪ್ಪು ಸಿಗಲಿಲ್ಲ. ಹಾಗೆ ನೋಡಿದರೆ ಆ ದೇಶದವರೇನೂ ಕಡಿಮೆಯಿಲ್ಲ. ಗೆಲ್ಲುತ್ತಿರುವಾಗ ಕಾಲುಚೀಲ ಒಗೆಯದ ಆಟಗಾರರಿದ್ದಾರೆ, ಸೋಲುವ ಹೊತ್ತಿಗೆ ಟೋಪಿಯನ್ನು ಒಳಹೊರಗು ಮಾಡಿ ಹಾಕಿಕೊಳ್ಳುವ ಪ್ರೇಕ್ಷಕರಿದ್ದಾರೆ. ನಾನೂ ಗಂಡನ ಟೋಪಿಯನ್ನು ಹಾಗೆ ಹಾಕಿಕೊಂಡು ಕೂತದ್ದುಂಟು. ಅದನ್ನು ನೋಡಿ ಹಾಲಿನವನು ಅವಸರವಾಗಿ ಹಾಲು ಸುರಿದು ಹೋದ.

ಮಳೆಗಾಲದ ಹೊತ್ತಿಗೆ ನಮ್ಮ ತಂಡ ಕುಂಟತೊಡಗಿತು. ಋತುವಿನ ಕೊನೆಗೆ ಮೇಲಿನ ಕೆಲವು ತಂಡಗಳಿಗಷ್ಟೇ ಅಕ್ಟೋಬರಿನ ದೊಡ್ಡ ಪಂದ್ಯಗಳು. ಅಲ್ಲಿಗೆ ಹೋಗುತ್ತೇವೋ ಇಲ್ಲವೋ ಎನ್ನುವುದೇ ನಮ್ಮಿಬ್ಬರ ದಿನದ ಚಿಂತೆಯಾಯಿತು. ಅತ್ತೆ ಒಂದು ಸೋಮವಾರ ಅರಿಶಿನದ ಬಟ್ಟೆಯ ಚೂರಿನಲ್ಲಿ ಕಾಸು ಇಟ್ಟುಕೊಂಡು ದೇವರ ಮುಂದೆ ಕೂತರು. ಗೆದ್ದರೆ ಮಾರಮ್ಮನಿಗೆ ತಂಬಿಟ್ಟಿನ ಆರತಿ ಎಂದು ಹರಕೆ.

"ಎಸ್ರು ಯೋಳು" ಅಂದರು.

ತಂಡದ ಹೆಸರು ಹೇಳಲು ಬಾಯಿ ತೆರೆದೆ. ಅದೊಂದು ಪಕ್ಷಿಯ ಹೆಸರು. ದೇವರ ಮುಂದೆ ಪಕ್ಷಿಯ ಹೆಸರು ಹೇಳಿದರೆ ಅದನ್ನೇ ಬಲಿ ಕೊಡುತ್ತೇವೆ ಎಂದು ಅವಳು ತಿಳಿದುಕೊಂಡರೆ ಏನು ಗತಿ? ನಾಸ್ತಿಕಳಾದ ನಾನು ಅಷ್ಟು ಯೋಚಿಸಿದೆ, ನೋಡಿ. ಹಾಗಾಗಿ ರಮೋನ್ ಎಂದೆ. ಅವನ ಊರೂ ಹೇಳಿದೆ. ಅತ್ತೆ ಎರಡನ್ನೂ ಉಚ್ಚರಿಸಿ ಗಂಟು ಹಾಕಿದರು, ಎಡಗೈಯಲ್ಲೇ.

ಆಷಾಢದ ಕೊನೆಯಲ್ಲಿ ಸುದ್ದಿ ಬಂತು. ನಮ್ಮವರು ರಮೋನನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟಿದ್ದರು. ಆ ಆಟದಲ್ಲಿ ಅದೊಂದು ವ್ಯವಹಾರ. ಋತುವಿನ ನಡುವೆ ಆಟಗಾರರನ್ನು ಕೊಟ್ಟು ಬೇರೆಯವರನ್ನು ಪಡೆಯಬಹುದು, ಹುಡುಗ ಪೆಟ್ಟಿಗೆ ಕಟ್ಟಿಕೊಂಡು ಹೊರಡಬೇಕು. ಅತ್ತೆಗೆ ಹೇಗೆ ಹೇಳುವುದೆಂದು ಒಂದು ದಿನ ತಳ್ಳಿದೆ. ಹೇಳಿದಾಗ ಅವರು ಕೇಳಿದ್ದು ಇಷ್ಟೇ: "ಆಸಾಡ್ದಲ್ಲಿ ಮನೆ ಬದ್ಲಾಯಿಸವ್ರಾ? ಅವ್ನ ಯಾರಾದ್ರೂ ಒಂದ್ ಮಾತ್ ಕೇಳುದ್ರಾ?"

ಕೇಳುವುದಿಲ್ಲ ಎಂದೆ.

"ನನ್ನೂ ಕೇಳ್ನಿಲ್ಲ" ಅಂದರು. ಅವರ ಮದುವೆಯ ಸುದ್ದಿ ಇರಬೇಕು ಅನ್ನಿಸಿತು.

ಮಾರನೆಯ ದಿನದಿಂದ ಮನೆ ಇಬ್ಭಾಗವಾಯಿತು. ಅತ್ತೆ ಹುಡುಗನ ಹಿಂದೆ ಹೋದರು, ನಾನು ಟೋಪಿಯ ಜೊತೆ ಉಳಿದೆ. ಅವನ ಸರದಿ ಬಂದಾಗ ಅವರಿಗೆ ಅವನ ತಂಡದ ಆಟ ಬೇಕು, ನನಗೆ ನನ್ನದು. ಟಿವಿ ಒಂದೇ. ಮಾತಿಲ್ಲದೆ ಇದ್ದ ಅತ್ತೆ ಸೊಸೆಯರು ಕೊನೆಗೂ ಎಲ್ಲರ ಮನೆಯಂತೆ ಜಗಳವಾಡತೊಡಗಿದೆವು. ಮಗ ಉಂಡನೋ ಇಲ್ಲವೋ ಎಂದು ಕೇಳುವವರೇ ಇಲ್ಲವಾದರು. ನನ್ನ ಗಂಡ ತಾವೇ ಬಡಿಸಿಕೊಂಡು ಉಣ್ಣಲು ಕಲಿತದ್ದು ಆ ತಿಂಗಳು.

ನಾನು ಹಠ ಹಿಡಿದದ್ದು ಯಾಕೆಂದು ಈಗಲೂ ಯೋಚಿಸುತ್ತೇನೆ. ಆ ತಂಡದಲ್ಲಿ ಯುಗಾದಿಗೆ ಇದ್ದವರಲ್ಲಿ ಅರ್ಧ ಜನ ಬದಲಾಗಿದ್ದರು. ಉಳಿದದ್ದು ಒಂದು ಅಕ್ಷರ. ಹಿಡಿ ಬದಲಾಯಿಸಿ, ಅಲಗೂ ಬದಲಾಯಿಸಿ, ಅದೇ ಅಜ್ಜನ ಕುಡುಗೋಲು ಎನ್ನುವವರನ್ನು ನೋಡಿ ನಕ್ಕವಳು ನಾನು.

ಪಿತೃಪಕ್ಷದ ಹೊತ್ತಿಗೆ ಲೆಕ್ಕ ಒಂದೇ ಆಟಕ್ಕೆ ಬಂದು ನಿಂತಿತು. ಗೆದ್ದರೆ ಅಕ್ಟೋಬರ್, ಸೋತರೆ ಮನೆ. ಎದುರಾಳಿ ಯಾರೆಂದು ನೀವು ಊಹಿಸಿದ್ದೀರಿ, ಚೆಂಡೆಸೆಯುವ ಸರದಿ ಯಾರದೆಂದೂ ಊಹಿಸಿದ್ದೀರಿ. ನಾನು ರಜೆ ಹಾಕಿದೆ. ಅತ್ತೆ ಒಂದು ಮೂಲೆ, ನಾನು ಒಂದು ಮೂಲೆ. ಆ ಹುಡುಗ ನಮ್ಮವರನ್ನು ಒಬ್ಬೊಬ್ಬರನ್ನಾಗಿ ಮನೆಯಿಂದ ಆಚೆಗೆ ಕಾಲಿಡದಂತೆ ಕೂರಿಸಿದ. ಏಳನೆಯ ಸುತ್ತಿಗೆ ಜನ ಎದ್ದರು, ಅತ್ತೆ ಎದ್ದರು, ನಾನು ಏಳಲಿಲ್ಲ. ಟೋಪಿ ಒಳಹೊರಗಾಗಿಯೇ ಇತ್ತು, ಏನೂ ಆಗಲಿಲ್ಲ. ಸೋತೆವು. ಕಣ್ಣಲ್ಲಿ ನೀರು ಬಂತು ಎಂದು ಹೇಳಲು ನನಗೆ ನಾಚಿಕೆಯಿಲ್ಲ, ಬಂತು.

ಅತ್ತೆ ಕುಣಿಯಲಿಲ್ಲ. ಎದ್ದು ದೇವರ ಕೋಣೆಗೆ ಹೋಗಿ ಅರಿಶಿನದ ಗಂಟು ತಂದರು. "ಅಮ್ಮ ನಡುಸ್ಕೊಟ್ಲು. ತೀರುಸ್ಬೇಕು" ಅಂದರು.

"ಅದು ನಮ್ಮ ತಂಡಕ್ಕೆ ಕಟ್ಟಿದ ಹರಕೆ ಅತ್ತೆ" ಎಂದೆ. ದನಿ ಜೋರಾಗಿಯೇ ಇತ್ತು.

"ತಂಡದ್ ಎಸ್ರು ಯೋಳಿದ್ಯಾ? ಐದನ್ ಎಸ್ರು ಯೋಳ್ದೆ, ನಾನ್ ಕಟ್ಟಿದೆ. ಅವಳ್ಗೇನ್ ಗೊತ್ತು ತಂಡ ಪಂಡ? ಮಕ್ಕಳು ಮಾತ್ರ ಗೊತ್ತು." ಗಂಟನ್ನು ನನ್ನ ಕೈಗಿಟ್ಟು, "ಎಸ್ರು ಯೋಳ್ದೋಳೇ ಆರ್ತಿ ಹೊರ್ಬೇಕು" ಎಂದೂ ಸೇರಿಸಿದರು.

ಪಕ್ಷ ಕಳೆದ ಮೇಲೆ ಹೊರಟೆವು. ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಬೆಳಕವಾಡಿ. ನನ್ನ ತಂಡವನ್ನು ಮನೆಗೆ ಕಳಿಸಿದವನ ಹೆಸರಿನಲ್ಲಿ ತಂಬಿಟ್ಟಿನ ಆರತಿ ಹೊತ್ತು ನಾನು ಬೀದಿಯುದ್ದಕ್ಕೂ ನಡೆದೆ. ಗುಡಿಯಲ್ಲಿ ಪೂಜಾರಿ ಯಾರ ಹೆಸರಿಗೆ ಎಂದು ಕೇಳಿದ. ರಮೋನ್ ಎಂದೆ. ನಿಮಗೇನಾಗಬೇಕು ಎಂದ. ನಾನು ತಡವರಿಸುವಷ್ಟರಲ್ಲಿ ಅತ್ತೆ, "ನಮ್ ಐದ. ದೂರ್ದಲ್ಲವ್ನೆ" ಅಂದರು. ಪೂಜಾರಿ ತಲೆಯಾಡಿಸಿ ಗಂಟೆ ಹೊಡೆದ. ಆರತಿಯ ಬೆಳಕಿನಲ್ಲಿ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹುಡುಗ ಚೆನ್ನಾಗಿರಲಿ ಅನ್ನಿಸಿತು, ಎಡಗೈ ನೋಯದಿರಲಿ ಅನ್ನಿಸಿತು.

ಅತ್ತೆಯ ಎರಡು ಕಣ್ಣೂ ವಾಸಿಯಾಗಿದ್ದವು. ಅವರಿನ್ನು ಬೆಳಕವಾಡಿಯಲ್ಲೇ ಇರುವುದೆಂದು ದೊಡ್ಡ ಮಗ ಹೇಳಿಯಾಗಿತ್ತು. ನನ್ನನ್ನು ಬಸ್ಸು ಹತ್ತಿಸಲು ಬಂದವರು ಸೆರಗಿನಿಂದ ಒಂದು ಹೊಸ ಅರಿಶಿನದ ಬಟ್ಟೆ ತೆಗೆದರು.

"ಬರೋ ಯುಗಾದಿಗೆ ಈಗ್ಲೇ ಕಟ್ಬುಡ್ತೀನಿ. ಎಸ್ರು ಯೋಳು. ಯಾರೂ ಮಾರ್ದೆ ಇರಾ ಅಂಥವ್ರ ಎಸ್ರು ಯೋಳ್ಬೇಕು, ಇಲ್ದಿದ್ರೆ ಮತ್ತೆ ನೀನೇ ಅಳ್ತೀಯ."

ಯೋಚಿಸಿದೆ. ನನ್ನ ತಂಡದ ಒಬ್ಬೊಬ್ಬರನ್ನೂ ನೆನೆದೆ. ಹಾಗೆ ನಂಬಿ ಗಂಟು ಹಾಕುವಂಥವರು ಯಾರೂ ಕಾಣಲಿಲ್ಲ. ಬಸ್ಸು ಬಂತು, ಕಂಡಕ್ಟರ್ ಅವಸರ ಮಾಡಿದ. ಅತ್ತೆ ಒರಗಿ ಕೂರುತ್ತಿದ್ದ ಗೋಡೆ ಇನ್ನು ಬೆಳಗಿನ ಜಾವ ಖಾಲಿ ಎನ್ನುವುದು ನೆನಪಾಯಿತು.

"ಕೆಂಪಮ್ಮ, ಊರು ಬೆಳಕವಾಡಿ" ಎಂದೆ. "ಆಟ ಶುರುವಾಗೋ ಹೊತ್ತಿಗೆ ಮದ್ದೂರಿಗೆ ಬರಲಿ ಅಂತ."

ಅತ್ತೆ ಬಟ್ಟೆಯನ್ನು ಮಡಿಸಿ ಸೆರಗಿಗೆ ಸಿಕ್ಕಿಸಿಕೊಂಡರು.

"ಅದ್ಕ್ಯಾಕವ್ವ ಅರಕೆ" ಅಂದರು. "ಆಧಾರ್ ಕಾರ್ಡ್ ಐತೆ, ಬಸ್ಸು ಫ್ರೀ ಐತೆ. ಬತ್ತೀನಿ ಓಗು."