ತೊಡದೇವಿನೊಳಗೆ ಸಿಕ್ಕ ಕ್ಯಾಪ್ಸೂಲ್

ತೊಡದೇವನ್ನು ಮುರಿದಾಗ ಮಡಿಕೆಯೊಳಗೆ ಒಂದು ಕ್ಯಾಪ್ಸೂಲ್ ಇತ್ತು. ಅರ್ಧ ಕಡು ಹಸಿರು, ಅರ್ಧ ತಿಳಿ ಹಸಿರು. ಒಂದು ಬದಿ ಸಿಹಿಯ ಅಂಟಿಗೆ ಕಚ್ಚಿಕೊಂಡಿತ್ತು.

(ತೊಡದೇವು ತಿನ್ನದವರಿಗೆ: ಒಲೆಯ ಮೇಲೆ ಕವುಚಿಟ್ಟ ಮಡಕೆಯ ಬೆನ್ನಿಗೆ, ಕಬ್ಬಿನಹಾಲಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಲ್ಲಿ ಎಳೆದು ಮಾಡುವ, ಕಾಗದದಷ್ಟು ತೆಳ್ಳಗಿನ ಸಿಹಿ. ತುಪ್ಪ ಸವರಿ ಬಿಸಿಯಿರುವಾಗಲೇ ಮಡಚಬೇಕು. ಒಂದು ಗಳಿಗೆ ತಡವಾದರೂ ಮುರಿಯುತ್ತದೆ. ಕ್ಯಾಪ್ಸೂಲ್ ಹಾಕುವ ಪದ್ಧತಿ ಇಲ್ಲ.)

ಮಾಡಿದ್ದು ಸಿದ್ದಾಪುರದಲ್ಲಿರುವ ನನ್ನ ಅತ್ತೆ, ಅಪ್ಪನ ತಂಗಿ. ನಂದೊಳ್ಳಿಯಲ್ಲಿ ಅವಳ ಮೈದುನನ ಮಗನ ಉಪನಯನ, ಭಾನುವಾರ. ತೊಡದೇವು ಅತ್ತೆಯದೇ ಆಗಬೇಕು ಎಂದು ಅವರು ತಿಂಗಳ ಹಿಂದೆಯೇ ಹೇಳಿಟ್ಟಿದ್ದರು. ಅಷ್ಟರಲ್ಲಿ ಅತ್ತೆಗೆ ಜ್ವರ.

ನಮ್ಮ ಕಡೆ ಜ್ವರ ಎಂದರೆ ಮೊದಲು ಹೆದರುವುದು ಮಂಗನ ಕಾಯಿಲೆಗೆ. ರಕ್ತಪರೀಕ್ಷೆಯಲ್ಲಿ ಅದಲ್ಲ, ಪೊದೆ-ಹುಲ್ಲಿನಲ್ಲಿರುವ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಎಂದು ಗೊತ್ತಾಯಿತು. ಮಂಗ ಅಲ್ಲ ಎಂದ ಕೂಡಲೇ ಮನೆಯವರೆಲ್ಲ ನಿರಾಳ. ಡಾಕ್ಟರ್ ಮಾತ್ರ ನಿರಾಳರಾಗಲಿಲ್ಲ. ಕೋರ್ಸ್ ಅರ್ಧಕ್ಕೆ ಬಿಟ್ಟರೆ ಜ್ವರ ಮರಳಿ ಬಂದು ಆಸ್ಪತ್ರೆ ಸೇರಬೇಕಾದೀತು ಎಂದು ಎಚ್ಚರಿಸಿಯೇ ಮಾತ್ರೆ ಬರೆದುಕೊಟ್ಟಿದ್ದರು.

ಆಗ ನಾನು ಸಿರ್ಸಿಯಿಂದ ನೋಡಲು ಹೋಗಿದ್ದೆ. ನಾನು ಓದಿದ್ದು ಜೀವಕೋಶಗಳ ಬಗ್ಗೆ. ಮನೆಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ, ನನಗೂ ಅದೇ ಅನುಕೂಲ. ಆ ದಿನ ಅತ್ತೆ ಹೊದಿಕೆಯೊಳಗಿಂದ ಕೇಳಿಬಿಟ್ಟಳು.

"ಒಳಗೆ ಹೊಕ್ಕ ರೋಗಾಣು ಕಡೆಗೆ ಎಲ್ಲಿ ಹೋಗ್ತು ಕೂಸೆ?"

ಹೇಳಿದೆ. ಪ್ರತಿ ಕೋಶದಲ್ಲೂ ತನ್ನದೇ ಹಳೆಯ, ಕೆಟ್ಟ ಭಾಗಗಳನ್ನು ತಿಂದು ಜೀರ್ಣಿಸಿಕೊಳ್ಳುವ ಏರ್ಪಾಡು ಇದೆ. ಆಟೋಫಜಿ ಅಂತ ಹೆಸರು. ರೋಗಾಣು ಒಳನುಗ್ಗಿದರೂ ಅದೇ ಏರ್ಪಾಡು ಕೆಲಸಕ್ಕೆ ಬರುತ್ತದೆ. ಮೊದಲು ರೋಗಾಣುವಿನ ಮೈಗೆ ಗುರುತು ಅಂಟಿಸುತ್ತದೆ. ಗುರುತು ಬಿದ್ದಲ್ಲಿ ತೆಳ್ಳಗಿನ ಜೋಡಿ ಪೊರೆಯೊಂದು ಬಾಗುತ್ತ ಬೆಳೆಯುತ್ತ ಅದನ್ನು ಸುತ್ತಿ ಮುಚ್ಚುತ್ತದೆ. ಆಮೇಲೆ ಜೀರ್ಣರಸದ ಚೀಲ ಬಂದು ಇದಕ್ಕೆ ಸೇರಿಕೊಳ್ಳುತ್ತದೆ. ರೋಗಾಣು ಕರಗಿತು.

"ಪೊರೆ ಅಂದ್ರೆ ಹ್ಯಾಂಗಿರ್ತು?"

"ತೊಡದೇವು ಇದ್ದಾಂಗೆ," ಅಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತೋ, ಅಲ್ಲಿಂದ ಮುಂದುವರಿಸಬೇಕಿತ್ತೋ, ಇನ್ನೂ ತಿಳಿದಿಲ್ಲ.

ಅತ್ತೆ ಎದ್ದು ಕೂತಳು. "ಅಂಚು ಒಡಿತಿಲ್ಯಾ?"

"ಇಲ್ಲೆ."

"ತುಪ್ಪ ಹಚ್ತಾ?"

"ಪೊರೆಯೇ ಜಿಡ್ಡಿಂದು ಅತ್ತೆ."

"ಅಡ್ಡಿಲ್ಲೆ," ಎಂದು ಅತ್ತೆ ಮಲಗಿದಳು. ದೇಹದ ಕೆಲಸಗಾರರ ಬಗ್ಗೆ ಅವಳಿಗೆ ಅವತ್ತು ಬಂದ ಗೌರವ ಮನೆಯ ಯಾರ ಬಗ್ಗೆಯೂ ಇದ್ದಂತಿಲ್ಲ.

ಎರಡು ದಿನಕ್ಕೆ ಜ್ವರ ಬಿಟ್ಟಿತು. ಅತ್ತೆ ಮಾತ್ರೆ ಬಿಟ್ಟಳು. ಇದು ಗೊತ್ತಾದದ್ದು ಶುಕ್ರವಾರ ಸಂಜೆ, ನನ್ನ ಬಾಯಿಗೆ ಹೋಗಬೇಕಿದ್ದ ಕ್ಯಾಪ್ಸೂಲ್ ತಟ್ಟೆಯಲ್ಲಿ ಉರುಳಿದಾಗ.

ಮಾವ ನಂಬಲಿಲ್ಲ. "ಯನ್ನ ಎದ್ರಿಗೇ ನುಂಗಿದ್ದು. ದಿನಾ ಆನೇ ನಿಂತು ನೋಡಿದ್ದಿ," ಎಂದು ತಮ್ಮ ಎದೆ ಮುಟ್ಟಿಕೊಂಡರು.

"ನೋಡಿದ್ದು ನೀರು ಕುಡ್ದಿದ್ದು ಮಾತ್ರ," ಅಂದಳು ಅತ್ತೆ.

ವಿಷಯ ಇಷ್ಟೇ. ಮಾವ ಮಾತ್ರೆ ತಂದುಕೊಡುವ ಹೊತ್ತಿಗೆ ಅತ್ತೆ ಒಲೆಯ ಮುಂದೆ. ಮಾತ್ರೆ ಬಾಯಿಗೆ ಹಾಕಿದಂತೆ ಮಾಡಿ, ನೀರು ಕುಡಿದು, ಕೈಲಿದ್ದದ್ದನ್ನು ಬಿಸಿ ತೊಡದೇವಿನೊಳಗೆ ಮಡಚಿಬಿಡುವುದು. ಕೋಶ ರೋಗಾಣುವಿಗೆ ಮಾಡುವುದನ್ನು ಅತ್ತೆ ಔಷಧಿಗೆ ಮಾಡಿದ್ದಳು.

"ಎಸೆಯಲೆ ಮನಸಾಜಿಲ್ಲೆ. ಆಮೇಲೆ ತೆಗೆದಿಡನ ಹೇಳಿ ಇದ್ದಿ. ಯಾವ್ದ್ರಲ್ಲಿ ಹೇಳಿ ಮರ್ತೋತು."

"ಇನ್ನೂ ಇದ್ದಾ?" ಎಂದೆ.

"ಒಂದೆರಡು ಇಕ್ಕು."

ಮಾವ ತಾವು ತಿನ್ನುತ್ತಿದ್ದದ್ದನ್ನು ನಿಧಾನವಾಗಿ ತಟ್ಟೆಗೆ ಇಟ್ಟರು.

ಮಾತ್ರೆ ಬಿಟ್ಟದ್ದೇಕೆ ಎಂದು ಕೇಳಿದರೆ ಅತ್ತೆಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಒಳಗೇ ಕೆಲಸ ಮಾಡವ್ವು ಇದ್ದ ಹೇಳಿ ನೀನೇ ಹೇಳಿದ್ದಲ್ದಾ? ಮತ್ತೆ ಹೊರಗಿನವ್ವು ಎಂತಕ್ಕೆ?"

ನೋಡಿ, ನಾವೆಲ್ಲ ಹೀಗೇ ಅಲ್ಲವೇ? ವಿಜ್ಞಾನ ಬೇಕು, ನಮ್ಮ ಮನಸ್ಸಿನಲ್ಲಿ ಇರುವುದನ್ನೇ ಹೇಳುವವರೆಗೆ. ಉಪವಾಸ ಮಾಡಿದರೆ ಆಟೋಫಜಿ ಆಗುತ್ತದೆ, ಸಕಲ ರೋಗವೂ ಹೋಗುತ್ತದೆ ಎಂದು ವಾಟ್ಸ್ಯಾಪಿನಲ್ಲಿ ಬಂದದ್ದನ್ನು ಅವಲಕ್ಕಿ ತಿನ್ನುತ್ತಲೇ ಓದಿ, ಹತ್ತು ಜನರಿಗೆ ಕಳಿಸುತ್ತೇವೆ. ಹೋಲಿಕೆ ರುಚಿಯಾಗಿದ್ದರಂತೂ ಅದರ ಮುಂದಿನ ವಾಕ್ಯ ಯಾರಿಗೂ ಕೇಳಿಸುವುದಿಲ್ಲ.

ಮುಂದಿನ ವಾಕ್ಯವನ್ನು ಈಗ ಹೇಳಿದೆ. ಎಲ್ಲ ರೋಗಾಣುಗಳೂ ಸಿಕ್ಕಿಬೀಳುವುದಿಲ್ಲ. ಕೆಲವು ನಮ್ಮದೇ ಪ್ರೋಟೀನನ್ನು ಮೈಮೇಲೆ ಹೊದ್ದು ಮನೆಯವರಂತೆ ಓಡಾಡುತ್ತವೆ, ಕೋಶಕ್ಕೆ ಗುರುತು ಸಿಗುವುದಿಲ್ಲ. ಕೆಲವು ಪೊರೆ ಮುಚ್ಚುವ ಮೊದಲೇ ಜಾರಿಕೊಳ್ಳುತ್ತವೆ. ಅತ್ತೆಯ ಜ್ವರದ್ದು ಜಾರಿಕೊಳ್ಳುವುದರಲ್ಲಿ ಪಳಗಿದ್ದು. ಒಳಗೇ ಉಳಿದು ಹೆಚ್ಚುತ್ತದೆ.

ಅತ್ತೆ ಮಾವನ ಕಡೆ ತಿರುಗಿದಳು. "ದೊಡ್ಮನೆ ಮದ್ವೆಗೆ ಬಂದಿದ್ನಲಿ, ಆ ಶಾಲು ಹೊದ್ಕಂಡವ."

ನನಗೂ ನೆನಪಿದೆ. ಹೆಣ್ಣಿನ ಕಡೆಯವರು ಅವನನ್ನು ಗಂಡಿನ ಕಡೆಯವ ಅಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವ ಅಂದುಕೊಂಡರು. ಮೊದಲ ಪಂಕ್ತಿಯಲ್ಲೇ ಕೂತ. ಫೋಟೋದಲ್ಲಿ ವರನ ಪಕ್ಕ ನಿಂತ. ಯಾರ ಪೈಕಿ ಎಂದು ಕೇಳುವುದು ಹೇಗೆ? ನಮ್ಮಲ್ಲಿ ಊಟಕ್ಕೆ ಕೂತವರನ್ನು ಯಾರೆಂದು ಕೇಳುವ ಪದ್ಧತಿ ಇಲ್ಲ.

"ಆನೇ ಎರಡನೇ ಸಲ ಹೋಳಿಗೆ ಬಡ್ಸಿದ್ದಿ ಅವಂಗೆ," ಅಂದಳು ಅತ್ತೆ. ಆ ನೋವು ಇನ್ನೂ ಹಸಿಯಾಗಿತ್ತು.

"ಸಾರು ಬಿಸಿ ಇಲ್ಲೆ ಹೇಳಿ ಬೇರೆ ಹೇಳಿದ್ದ," ಎಂದು ಮಾವ ಸೇರಿಸಿದರು.

"ಹಂಗಾರೆ ಈ ಮಾತ್ರೆ ಎಂತ ಮಾಡ್ತು? ಹೊಡೆದು ಹಾಕ್ತಾ?" ಎಂದು ಅತ್ತೆ ನನ್ನನ್ನು ಕೇಳಿದಳು.

"ಇಲ್ಲೆ. ರೋಗಾಣು ತನಗೆ ಬೇಕಾದ ಪ್ರೋಟೀನ್ ಮಾಡ್ಕಳದ್ನ ತಡೀತು. ಹೆಚ್ಚಲೆ ಆಗ್ತಿಲ್ಲೆ. ಉಳಿದಿದ್ದನ್ನ ನಿನ್ನ ಒಳಗಿನವ್ವೇ ನೋಡ್ಕಳ್ತ."

ಅತ್ತೆ ಯೋಚಿಸಿದಳು. "ಅಂದ್ರೆ, ಬಡ್ಸದು ನಿಲ್ಸದು."

ನಾನು ಇಷ್ಟು ವರ್ಷ ಓದಿದ್ದರಲ್ಲಿ ಇದಕ್ಕಿಂತ ಚೊಕ್ಕ ವಿವರಣೆ ಕಂಡಿಲ್ಲ. ಹೌದು ಅಂದೆ. (ಈ ಸಲ ಅಲ್ಲಿಗೇ ನಿಲ್ಲಿಸಿದೆ.)

ಡಾಕ್ಟರಿಗೆ ಫೋನು ಮಾಡಿದೆವು. ಬೈದರು. ಕೋರ್ಸ್ ಮೊದಲಿಂದ ಶುರು, ಜ್ವರ ಬರದಿದ್ದರೆ ಉಪನಯನಕ್ಕೆ ಹೋಗಬಹುದು, ಮಾತ್ರೆ ಜತೆಗೇ ಹೋಗಬೇಕು ಎಂದರು. ಅತ್ತೆ ಕೈ ಚಾಚಿದಳು. ನುಂಗಿ, ಯಾರೂ ಕೇಳದಿದ್ದರೂ ಮಾವನಿಗೆ ಬಾಯಿ ತೆರೆದು ತೋರಿಸಿದಳು.

ಮರುದಿನ ಬೆಳಿಗ್ಗೆ ನಾನು ನಂದೊಳ್ಳಿಗೆ ಹೊರಟಿದ್ದ ಡಬ್ಬಿಯನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು ಕೂತೆ, ತೊಡದೇವುಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು, ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡಿದೆ.