ಮಂಕಿಯ ಮದುವೆಗೆ ಬಂದ ತಮ್ಮ

೨೦೦೩ರ ದೀಪಾವಳಿಗೆ ಹಳದೀಪುರದ ದಿನಕರ ಮುಂಬೈ ಬಿಟ್ಟು ಬಂದ. ಹನ್ನೆರಡು ವರ್ಷ ಅಲ್ಲಿ ಸಿರಿವಂತರ ಮದುವೆಗಳ ಉಸ್ತುವಾರಿ ನೋಡಿಕೊಂಡವನು. ವರ್ಷಕ್ಕೊಮ್ಮೆ ಊರಿಗೆ ಬಂದರೆ ಸ್ವಂತ ಮಗಳೇ ಹೊಸಬರನ್ನು ಕಂಡಂತೆ ಅಜ್ಜಿಯ ಹಿಂದೆ ಅಡಗುತ್ತಿದ್ದಳು. ಇನ್ನು ಅಲ್ಲಿಗೆ ಹೋಗುವುದಿಲ್ಲವೆಂದು ನಿಶ್ಚಯಿಸಿ ಹೊನ್ನಾವರ ಪೇಟೆಯಲ್ಲಿ ಬೋರ್ಡು ಹಾಕಿದ: ‘ಶುಭಲಗ್ನ ವೆಡ್ಡಿಂಗ್ ಪ್ಲಾನರ್ಸ್.’ ಕೋಣೆ ನನ್ನದು, ನನ್ನ ಅಂಗಡಿಯ ಮೇಲಿನದು. ನಾನು ಪಾತ್ರೆ, ಶಾಮಿಯಾನ ಬಾಡಿಗೆಗೆ ಕೊಡುವವನು. ಅವನಿಗೆ ಮದುವೆ ಸಿಕ್ಕರೆ ನನ್ನ ಕಡಾಯಿಗೂ ಕೆಲಸ ಸಿಗುತ್ತದೆ ಎಂಬ ಪರೋಪಕಾರ ಬುದ್ಧಿ.

ಅವನ ಹೆಂಡತಿ ವಿನುತಾ ಮಾತ್ರ ಮೊದಲೇ ಹೇಳಿಬಿಟ್ಟಿದ್ದಳು: “ಬರೂ ದೀಪಾವಳಿ ತನಕ ನೋಡಿ. ನಡೀಲಿಲ್ಲ ಅಂದ್ರೆ ಮತ್ತೆ ಮುಂಬೈಯೇ.”

ದಿನಕರ ಮುಂಬೈಯಲ್ಲಿ ಎಲ್ಲವನ್ನೂ ಕಲಿತಿದ್ದ, ಊರನ್ನು ಮರೆತಿದ್ದ. ನಮ್ಮ ಕಡೆ ಮದುವೆಯ ಹಿಂದಿನ ದಿನ ಕೇರಿಯ ಹೆಂಗಸರು ತಮ್ಮ ತಮ್ಮ ಮೆಟ್ಟುಗತ್ತಿ ಹಿಡಿದು ಬಂದು ತರಕಾರಿ ಹೆಚ್ಚುತ್ತಾರೆ, ಕಾಯಿ ತುರಿಯುತ್ತಾರೆ. ಗಂಡಸರು ಚಪ್ಪರಕ್ಕೆ ತೆಂಗಿನ ಮಡಲು ಹೆಣೆಯುತ್ತಾರೆ. ನೀವು ಅವರ ಮನೆಗೆ ಹೋಗಿದ್ದರೆ ಅವರು ನಿಮ್ಮ ಮನೆಗೆ ಬರುತ್ತಾರೆ. ‘ಎಲ್ಲಾ ನಾನೇ ಮಾಡಿಸುತ್ತೇನೆ’ ಎಂದು ಒಬ್ಬ ಬಾಗಿಲಿಗೆ ಬಂದರೆ, ‘ನಿಮ್ಮ ಮನೆಗೆ ಯಾರೂ ಬರುವುದಿಲ್ಲ’ ಎಂದು ಹೇಳಿದಂತೆಯೇ.

ಮಗಳ ಮದುವೆ ಗೊತ್ತಾಗಿದ್ದ ಕುಮಟಾದ ವೆಂಕಟ್ರಮಣ ಮಾಸ್ತರರು ಅವನಿಗೆ ಚಾ ಕೊಟ್ಟು, ಕುಡಿದು ಮುಗಿಯುವವರೆಗೆ ಕಾದು ಕೇಳಿದರು: “ನಮಗೆ ಕೇರಿ ಇಲ್ಲ ಅಂದೇಳಿ ನಿಂಗೆ ಯಾರು ಹೇಳಿದ್ರು?”

ಚೈತ್ರ ಬಂದರೂ ಒಂದು ಮದುವೆ ಇಲ್ಲ. ಅವನು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವುದನ್ನು ಬಿಟ್ಟ. ಹೋದರೆ ವಿನುತಾಳ ಅಪ್ಪ “ಎಂತಾತು?” ಎಂದು ಕೇಳುತ್ತಿದ್ದರು. ಒಂದು ದಿನ ನಾನೇ ಹೇಳಿದೆ: “ದಿನಕರ, ಮದುವೆ ಹುಡುಕಬೇಡ ಮಾರಾಯ. ಕೇರಿಯವರು ಬರದೇ ಇಪ್ಪ ಮನೆ ಹುಡುಕು.”

ಅಂಥ ಮನೆ ಇತ್ತು. ಮಂಕಿ ಊರಿನ ತಿಮ್ಮಕ್ಕ, ಗಂಡ ಸತ್ತ ಮೇಲೆ ಹದಿನೆಂಟು ವರ್ಷ ಮೊದಲ ಬಸ್ಸಿಗೆ ಬುಟ್ಟಿ ಹೇರಿ ಹೊನ್ನಾವರಕ್ಕೆ ಮೀನು ತಂದವಳು. ಯಾರ ಮನೆಯ ಕಾಯಿ ತುರಿಯಲೂ ಅವಳಿಗೆ ಪುರುಸೊತ್ತಾಗಿರಲಿಲ್ಲ. ಈಗ ಮಗಳು ದಿವ್ಯಶ್ರೀಯನ್ನು ಕುಮಟಾಕ್ಕೆ ಕೊಡುವುದಿತ್ತು. ಕೇರಿಯವರು ಊಟಕ್ಕೆ ಬರುವುದು ಖಂಡಿತ, ಕೆಲಸಕ್ಕೆ ಬಾರದಿರುವುದೂ ಅಷ್ಟೇ ಖಂಡಿತ.

ನಾನು ಸುದ್ದಿ ಮುಟ್ಟಿಸಿದೆ. ತಿಮ್ಮಕ್ಕ ಬುಟ್ಟಿಯನ್ನು ಮೆಟ್ಟಿಲ ಬುಡದಲ್ಲಿಟ್ಟು ಮೇಲೆ ಬಂದಳು.

“ಎಲ್ಲಾ ನೀನೇ ಮಾಡು ತಮಾ. ಆದ್ರೆ ದುಡ್ಡಿಗೆ ಬಂದವ ಅಂದೇಳಿ ಯಾರಿಗೂ ಗೊತ್ತಾಗೂಕಾಗ.”

“ಮತ್ತೆ ಎಂತ ಅಂದೇಳಿ ಬರೂದು?”

“ನನ್ನ ಚಿಕ್ಕಮ್ಮನ ಮಗ. ಮುಂಬೈಲಿದ್ದವ. ನಮ್ಮ ಕೇರಿಲಿ ನಿನ್ನ ಯಾರೂ ಕಂಡವರಿಲ್ಲ.”

“ಅಕ್ಕಾ, ನಾಲ್ಕು ಜನಕ್ಕೆ ಹೆಸರು ಗೊತ್ತಾಗ್ಲಿ ಅಂತ್ಲೇ ನಾ ಈ ಕೆಲಸ...”

ತಿಮ್ಮಕ್ಕ ಆ ಖಾಲಿ ಕೋಣೆಯನ್ನೊಮ್ಮೆ ಸುತ್ತ ನೋಡಿದಳು. “ಬೇರೆ ಗಿರಾಕಿ ಕಾಯ್ತಿದ್ರೆ ಅವರದ್ದೇ ಮಾಡು.”

ದಿನಕರ ಒಪ್ಪಿದ.

ವೈಶಾಖದಲ್ಲಿ ಟೆಂಪೋದಲ್ಲಿ ಆರು ಕೆಲಸದವರನ್ನು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಪಾಠ: “ತಿಮ್ಮಕ್ಕನ್ನ ಅತ್ತೆ ಅಂತ ಕರೀರಿ. ಮೇಡಂ ಅಂದ್ರೆ ಸತ್ತೆ ನಾ.” ಮದುವೆಯ ಬೆಳಿಗ್ಗೆ ಚಪ್ಪರ ನೂಲು ಹಿಡಿದಂತೆ ನೇರ, ಬಂದವರ ಕೈಗೆ ತಣ್ಣನೆಯ ಪಾನಕ. ಭಟ್ಕಳದಿಂದ ಬಂದಿದ್ದ ಬೋಟಿನ ಮಾಲಕ ಮಾಬ್ಲ ಎರಡನೇ ಲೋಟ ಮುಗಿಸಿ ಕೇಳಿದ: “ಇದೆಲ್ಲ ಯಾರು ಮಾಡ್ಸಿದ್ದು? ನಂಗೂ ಮದುವೆಗೆ ಇಬ್ರು ಹೆಣ್ಣುಮಕ್ಕಳಿದ್ದಾರೆ.”

ದಿನಕರನ ಕೈ ಜೇಬಿನೊಳಗಿನ ‘ಶುಭಲಗ್ನ’ದ ಕಾರ್ಡಿಗೆ ಹೋಯಿತು. ಅಷ್ಟರಲ್ಲಿ ಭಟ್ಟರು ಮಂಟಪದಿಂದ ಕರೆದರು: “ಸೋದರಮಾವ ಎಲ್ಲಿ? ಹುಡುಗೀನ ಕರ್ಕಂಡು ಬರ್ಲಿ.”

ಬಾಗಿಲಲ್ಲಿ ನಿಂತಿದ್ದ ತಿಮ್ಮಕ್ಕ ಮಗಳಿಗೆ ದಾರಿ ಬಿಟ್ಟಳು. ದಿವ್ಯಶ್ರೀ ಕೈ ಚಾಚಿದಳು. ದಿನಕರ ಜೇಬಿನಿಂದ ಬರಿಗೈ ತೆಗೆದು, “ನಾವೇ ಮನಿಯವ್ರು ಮಾಡಿದ್ದು” ಎಂದು ಮಾಬ್ಲನಿಗೆ ಹೇಳಿ, ಹುಡುಗಿಯ ಕೈ ಹಿಡಿದು ಮಂಟಪಕ್ಕೆ ನಡೆಸಿಕೊಂಡು ಹೋದ. ಕೊನೆಯ ಪಂಕ್ತಿಗೂ ಪಾಯಸ ಬಿಸಿಯಾಗಿತ್ತು. ಸುಮ್ಮನೆ ಕೂತು ಉಣ್ಣಲು ನಾಚಿಕೆಯಾಗಿ ಕೇರಿಯವರೇ ಎದ್ದು ಸಾರಿನ ಬಕೆಟ್ಟು ಹಿಡಿದರಂತೆ.

ಮರುವಾರ ಅವನು ಭಟ್ಕಳಕ್ಕೆ ಹೋಗಿ ಮಾಬ್ಲನೆದುರು ತಾನು ಇದೇ ಉದ್ಯೋಗ ಮಾಡುವವನೆಂದು ಹೇಳಿಕೊಂಡ. ಮಾಬ್ಲ ನಕ್ಕ. “ಅಕ್ಕನ ಮನಿಲಿ ಮಾಡ್ದಂಗೆ ದುಡ್ಡಿಗೆ ಬರ್ತದ್ಯಾ ಭಾವ? ಅದು ಪ್ರೀತಿಗೆ ಬಪ್ಪೂದು.” ಊಟ ಹಾಕಿ ಕಳಿಸಿದ.

ಮಳೆಗಾಲವಿಡೀ ಕೋಣೆಗೆ ಯಾರೂ ಹತ್ತಿ ಬರಲಿಲ್ಲ. ದೀಪಾವಳಿ ಹತ್ತಿರವಾದಾಗ ತಿಮ್ಮಕ್ಕ ಮೂರು ಲಗ್ನಪತ್ರಿಕೆ ತಂದಳು. ಮೂರೂ ಅವಳ ಕೇರಿಯವೇ, ಮೂರರ ಮೇಲೂ ‘ತಿಮ್ಮಕ್ಕನ ತಮ್ಮ ದಿನಕರರಿಗೆ’, ಕೆಳಗೆ ‘ಎರಡು ದಿನ ಮೊದಲೇ ಬರಬೇಕು’. ಅವಳ ಮನೆಯಲ್ಲಿ ಬಕೆಟ್ಟು ಹಿಡಿದವರು ಈಗ ಅದರ ಋಣ ಕೇಳುತ್ತಿದ್ದರು.

“ದರ ಹೇಳು,” ಎಂದೆ ನಾನು.

“ತಮ್ಮ ಆದವ ದರ ಹೇಳೂದು ಹ್ಯಾಂಗೆ?”

“ಹಂಗಾರೆ ಖರೆ ಹೇಳು.”

“ಸೋದರಮಾವ ದುಡ್ಡಿಗೆ ಬಂದವ ಅಂದೇಳಿ ಖರೆ ಹೇಳಿರೆ ದಿವ್ಯಶ್ರೀ ಅತ್ತೆ ಮನಿಲಿ ಬಾಳೂದು ಹ್ಯಾಂಗೆ?”

ಪಾತ್ರೆ ಕೇಳಿದ್ದರೆ ಕೊಡುತ್ತಿದ್ದೆ.

ವಿನುತಾ ಇನ್ನೊಂದು ತಿಂಗಳ ವಾಯಿದೆ ಕೊಟ್ಟಳು. ಯಾರಾದರೊಬ್ಬರು ದುಡ್ಡು ಕೊಟ್ಟು ಕರೆದಾರು ಎಂಬ ಆಸೆಗೆ ಅವನು ಎರಡು ಮದುವೆ ಪುಕ್ಕಟೆಯಾಗಿ ಮಾಡಿಕೊಟ್ಟ. ಕಂಡವರೆಲ್ಲ ಇಂಥ ತಮ್ಮ ಸಿಕ್ಕ ತಿಮ್ಮಕ್ಕನ ಅದೃಷ್ಟವನ್ನು ಹೊಗಳಿದರು. ಎರಡನೆಯದು ಮುಗಿದ ಮರುದಿನ ಮುಂಬೈ ರೈಲು ಹತ್ತಿದ. ಅಷ್ಟರಲ್ಲಿ ಮಗಳು ಅವನ ತೋಳಿನ ಮೇಲೆ ಮಲಗುವುದನ್ನು ಕಲಿತಿದ್ದಳು, ಹಾಗಾಗಿ ಸ್ಟೇಶನ್ನಿಗೆ ಅವಳನ್ನು ತರಲಿಲ್ಲ.

ಮೂರನೆಯ ಮನೆಯ ಯಜಮಾನ ದುರ್ಗ ಪಾತ್ರೆಗೆಂದು ನನ್ನಲ್ಲಿಗೆ ಬಂದ. ಮುಖ ಬಾಡಿತ್ತು.

“ಅವರಿಬ್ಬರ ಮನಿಗೆ ಬಂದವ ನಮ್ಮ ಮನಿಗೆ ಮಾತ್ರ ಬರ್ಲಿಲ್ಲ. ನಾವೆಂತ ತಪ್ಪು ಮಾಡಿದ್ದು, ಹೇಳಿ?”

ನಾನು ಕಡಾಯಿ ಎಣಿಸಿ ಕೊಟ್ಟೆ.